ಬಸಿರಿನಲ್ಲಿ ರಕ್ತ ತೆಳುವಾಗುವುದೇಕೆ? ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ತಲುಪುವ ದಾರಿ

ಎರಡು ರಕ್ತಪರೀಕ್ಷೆಯ ರಿಪೋರ್ಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಇಬ್ಬರೂ ಏಳು ತಿಂಗಳ ಗರ್ಭಿಣಿಯರು. ಮೊದಲನೆಯವರ ಹಿಮೋಗ್ಲೋಬಿನ್, ಅಂದರೆ ಕೆಂಪು ಕಣಗಳೊಳಗೆ ಆಮ್ಲಜನಕ ಹೊರುವ ವಸ್ತು, ಶುರುವಿನಲ್ಲಿ 12.5 ಇದ್ದದ್ದು ಈಗ 11.1ಕ್ಕೆ ಇಳಿದಿದೆ. ಎರಡನೆಯವರದು ಶುರುವಿನಲ್ಲಿ 13.5 ಇತ್ತು, ಈಗ 13.8. ಮನೆಯವರಿಗೆ ಮೊದಲನೆಯವರ ಬಗ್ಗೆ ಚಿಂತೆ, ಎರಡನೆಯವರ ಬಗ್ಗೆ ನೆಮ್ಮದಿ. ವೈದ್ಯರು ಮಾತ್ರ ಮೊದಲ ರಿಪೋರ್ಟನ್ನು ಓದಿ ಸಮಾಧಾನದಿಂದ ಮಡಚಿಡುತ್ತಾರೆ. ಎರಡನೆಯವರ ಬಿಪಿಯನ್ನು ಇನ್ನೊಮ್ಮೆ ನೋಡುತ್ತಾರೆ, ಮಗುವಿನ ಬೆಳವಣಿಗೆಯ ಸ್ಕ್ಯಾನ್ ಯಾವಾಗ ಮಾಡಿಸಿದ್ದೆಂದು ಕೇಳುತ್ತಾರೆ.

ಹಿಮೋಗ್ಲೋಬಿನ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಕೇಳುತ್ತಲೇ ಬೆಳೆದ ನಮಗೆ ಇದು ತಲೆಕೆಳಗಾದಂತೆ ಕಾಣುತ್ತದೆ. ಹೀಗೇಕೆ ಎಂಬುದು ತಿಳಿಯಬೇಕಾದರೆ ಬಸಿರಿನಲ್ಲಿ ರಕ್ತದ ದಪ್ಪ ಹೇಗೆ ಬದಲಾಗುತ್ತದೆ, ಆ ಬದಲಾವಣೆಗೂ ಮಗುವಿನ ಉಸಿರಿಗೂ ಏನು ನಂಟು ಎಂಬುದನ್ನು ನೋಡಬೇಕು.

ಒಂದೇ ಮಾತು, ಮೂರು ಅರ್ಥ

ಗೊಂದಲ ಹುಟ್ಟುವುದೇ ಮಾತಿನಲ್ಲಿ. "ರಕ್ತ ತೆಳುವಾಗಿದೆ" ಎನ್ನುವಾಗ ನಾವು ಮೂರು ಬೇರೆಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಿರುತ್ತೇವೆ.

ಒಂದು, ರಕ್ತದಲ್ಲಿ ನೀರಿನ ಅಂಶ ಹೆಚ್ಚಾಗಿ ಅದು ಸರಾಗವಾಗಿ ಹರಿಯುವುದು. ಬಸಿರಿನಲ್ಲಿ ಸಹಜವಾಗಿ ಆಗುವುದು ಇದೇ. ಎರಡು, ಕಬ್ಬಿಣದ ಅಂಶ ಸಾಲದೆ ಕೆಂಪು ಕಣಗಳ ತಯಾರಿಯೇ ಕುಂಠಿತವಾಗುವುದು. ಇದು ರಕ್ತಹೀನತೆ, ಚಿಕಿತ್ಸೆ ಬೇಕಾದ ತೊಂದರೆ. ಮೂರು, "ರಕ್ತ ತೆಳು ಮಾಡುವ ಮಾತ್ರೆ" ಎನ್ನುತ್ತೇವಲ್ಲ, ಅದು. ಆ ಔಷಧಗಳು ರಕ್ತವನ್ನು ತೆಳುವಾಗಿಸುವುದಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಅಷ್ಟೇ. ಹರಿಯುವ ಗುಣವೇ ಬೇರೆ, ಹೆಪ್ಪುಗಟ್ಟುವ ಗುಣವೇ ಬೇರೆ. ಜೇನುತುಪ್ಪ ಬಹಳ ಮಂದ, ಆದರೆ ಹೆಪ್ಪುಗಟ್ಟುವುದಿಲ್ಲ. ಹಾಲು ನೀರಿನಂತೆ ಹರಿಯುತ್ತದೆ, ಹುಳಿ ಬಿದ್ದರೆ ಒಡೆದು ಗಟ್ಟಿಯಾಗುತ್ತದೆ. ಬಸಿರಿನಲ್ಲಿ ರಕ್ತ ಹಾಲಿನ ಹಾಗೆ: ಮೊದಲಿಗಿಂತ ಸರಾಗವಾಗಿ ಹರಿಯುತ್ತದೆ, ಮೊದಲಿಗಿಂತ ಬೇಗ ಹೆಪ್ಪುಗಟ್ಟಲೂ ಸಿದ್ಧವಾಗಿರುತ್ತದೆ. ಈ ಎರಡು ಒಟ್ಟಿಗೆ ಇರಬಹುದು ಎಂಬುದು ಮನಸ್ಸಿನಲ್ಲಿ ಕೂತರೆ ಮುಂದಿನದು ಸುಲಭ.

ರಕ್ತದ ದಪ್ಪ ಎಂದರೆ ಏನು

ದ್ರವವೊಂದು ಹರಿಯುವಾಗ ಒಡ್ಡುವ ಪ್ರತಿರೋಧಕ್ಕೆ ಸ್ನಿಗ್ಧತೆ ಎಂದು ಹೆಸರು. ನೀರಿನದು ಕಡಿಮೆ, ಎಣ್ಣೆಯದು ಹೆಚ್ಚು, ಜೇನಿನದು ಇನ್ನೂ ಹೆಚ್ಚು. ರಕ್ತದ ಸ್ನಿಗ್ಧತೆ ನೀರಿನ ಮೂರು ನಾಲ್ಕು ಪಟ್ಟು.

ಇದಕ್ಕೆ ಕಾರಣ ನೋಡಬೇಕಾದರೆ ಲ್ಯಾಬಿನಲ್ಲಿ ರಕ್ತದ ಸಣ್ಣ ಕೊಳವೆಯೊಂದನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತೆಗೆದದ್ದನ್ನು ಕಣ್ಣೆದುರು ಹಿಡಿಯಬೇಕು. ಕೆಳಗೆ ಕಡುಗೆಂಪು ಪದರ, ಮೇಲೆ ತಿಳಿಹಳದಿ ದ್ರವ, ನಡುವೆ ಕಂಡೂ ಕಾಣದ ಬಿಳಿಯ ಗೆರೆ. ಹಳದಿಯದು ಪ್ಲಾಸ್ಮಾ: ಬಹುಪಾಲು ನೀರು, ಅದರಲ್ಲಿ ಪ್ರೋಟೀನು, ಲವಣಗಳು. ಕೆಂಪಿನದು ಕೆಂಪು ರಕ್ತಕಣಗಳ ರಾಶಿ. ಕೊಳವೆಯ ಒಟ್ಟು ಎತ್ತರದಲ್ಲಿ ಕೆಂಪು ಪದರದ ಪಾಲು ಶೇಕಡಾ ಎಷ್ಟು ಎಂಬುದೇ ಹೆಮಟೋಕ್ರಿಟ್. ಹಲವು ರಿಪೋರ್ಟ್‌ಗಳಲ್ಲಿ ಇದನ್ನು ಪಿಸಿವಿ ಎಂದು ಬರೆದಿರುತ್ತಾರೆ. ಬಸಿರಿಲ್ಲದ ಹೆಂಗಸರಲ್ಲಿ ಇದು ಸಾಮಾನ್ಯವಾಗಿ 36ರಿಂದ 46ರ ನಡುವೆ.

ರಕ್ತದ ದಪ್ಪವನ್ನು ಮುಖ್ಯವಾಗಿ ತೀರ್ಮಾನಿಸುವುದು ಈ ಕೆಂಪು ಪಾಲು. ಅದು ಏರುತ್ತ ಹೋದಂತೆ ದಪ್ಪವೂ ಏರುತ್ತದೆ. ಆದರೆ ಆ ಏರಿಕೆ ಮೆಟ್ಟಿಲಿನಂತೆ ಒಂದೇ ಸಮ ಇರುವುದಿಲ್ಲ, ಹತ್ತುತ್ತ ಹೋದಂತೆ ಕಡಿದಾಗುವ ಗುಡ್ಡದ ಹಾಗಿರುತ್ತದೆ. 35ರಿಂದ 40ಕ್ಕೆ ಏರಿದಾಗ ಆಗುವ ವ್ಯತ್ಯಾಸಕ್ಕಿಂತ 55ರಿಂದ 60ಕ್ಕೆ ಏರಿದಾಗ ಆಗುವುದು ಎಷ್ಟೋ ಹೆಚ್ಚು.

ಇನ್ನೊಂದು ವಿಚಿತ್ರ ಗುಣವಿದೆ. ರಕ್ತ ಜೋರಾಗಿ ಹರಿಯುವಾಗ ತೆಳುವಾಗಿರುತ್ತದೆ, ನಿಧಾನವಾದಾಗ ಮಂದವಾಗುತ್ತದೆ. ರಭಸದಲ್ಲಿ ಕೆಂಪು ಕಣಗಳು ಬಿಡಿಬಿಡಿಯಾಗಿ, ಉದ್ದಕ್ಕೆ ಎಳೆದುಕೊಂಡು ಓಡುತ್ತವೆ. ಹರಿವು ನಿಧಾನವಾದ ಕಡೆ ಒಂದರ ಮೇಲೊಂದು ಕೂತು ನಾಣ್ಯಗಳ ಕಂತೆಯಂತೆ ಜೋಡಣೆಯಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ಕಂತೆಗಳು ಚೆನ್ನಾಗಿ ಕಾಣುತ್ತವೆ. ಕಣಗಳನ್ನು ಹೀಗೆ ಅಂಟಿಸುವ ಕೆಲಸ ಫೈಬ್ರಿನೋಜನ್ ಎಂಬ ಪ್ಲಾಸ್ಮಾ ಪ್ರೋಟೀನಿನದು. ಬಸಿರಿನಲ್ಲಿ ಇದು ಹೆಚ್ಚಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಳದ ಅಗಲದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 1840ರ ದಶಕದಲ್ಲಿ ಪ್ವಾಸೇಯ್ ಎಂಬ ಫ್ರೆಂಚ್ ವೈದ್ಯರು ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ನಿಯಮ ಕಂಡುಕೊಂಡರು. ದ್ರವ ಎರಡು ಪಟ್ಟು ಮಂದವಾದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ಕೊಳವೆ ಎರಡು ಪಟ್ಟು ಅಗಲವಾದರೆ ಹರಿವು ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. ರಕ್ತಕ್ಕೂ ರಕ್ತನಾಳಕ್ಕೂ ಈ ಲೆಕ್ಕ ಅಕ್ಷರಶಃ ಹೊಂದುವುದಿಲ್ಲ, ಆದರೆ ದಿಕ್ಕು ಅದೇ. ಮಗುವಿಗೆ ರಕ್ತ ಚೆನ್ನಾಗಿ ಹರಿಯಬೇಕಾದರೆ ದಾರಿ ಅಗಲವಾಗಬೇಕು, ರಕ್ತ ತೆಳುವಾಗಬೇಕು. ತಾಯಿಯ ದೇಹ ಈ ಎರಡನ್ನೂ ಮಾಡಿಕೊಳ್ಳುತ್ತದೆ.

ಇಳಿದದ್ದು ಪ್ರಮಾಣವೋ, ಸಾಂದ್ರತೆಯೋ?

ಬಸಿರು ನಿಂತು ಆರೆಂಟು ವಾರ ಆಗುವಷ್ಟರಲ್ಲೇ ಪ್ಲಾಸ್ಮಾ ಹೆಚ್ಚತೊಡಗುತ್ತದೆ. 32-34 ವಾರಗಳ ಹೊತ್ತಿಗೆ ಶೇಕಡಾ 40ರಿಂದ 50ರಷ್ಟು ಏರಿರುತ್ತದೆ. ಕೆಂಪು ಕಣಗಳೂ ಹೆಚ್ಚುತ್ತವೆ, ಆದರೆ ಶೇಕಡಾ 20-30ರಷ್ಟು ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಎಲ್ಲ ಗುಟ್ಟಿದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡು ಅಂಕಿ ತೆಗೆದುಕೊಳ್ಳೋಣ. ಬಸಿರಿಗೆ ಮೊದಲು ಒಬ್ಬರ ಮೈಯಲ್ಲಿ 4 ಲೀಟರ್ ರಕ್ತ: ಪ್ಲಾಸ್ಮಾ 2.5 ಲೀಟರ್, ಕೆಂಪು ಕಣ 1.5 ಲೀಟರ್. ಆ ಕಣಗಳೊಳಗೆ ಒಟ್ಟು 500 ಗ್ರಾಂ ಹಿಮೋಗ್ಲೋಬಿನ್. 4 ಲೀಟರಿಗೆ ಹಂಚಿದರೆ 100 ಮಿಲಿಲೀಟರಿಗೆ 12.5 ಗ್ರಾಂ. ಈಗ ಎಂಟನೇ ತಿಂಗಳು. ಪ್ಲಾಸ್ಮಾ 3.6 ಲೀಟರ್ ಆಗಿದೆ, ಕೆಂಪು ಕಣ 1.8 ಲೀಟರ್. ಹಿಮೋಗ್ಲೋಬಿನ್ 600 ಗ್ರಾಂ. ಒಟ್ಟು ರಕ್ತ 5.4 ಲೀಟರ್. ಹಂಚಿದರೆ 11.1 ಗ್ರಾಂ.

ಹಿಮೋಗ್ಲೋಬಿನ್ ನೂರು ಗ್ರಾಂ ಹೆಚ್ಚಾಗಿದೆ, ರಿಪೋರ್ಟಿನ ಅಂಕಿ ಮಾತ್ರ ಇಳಿದಿದೆ. ರಿಪೋರ್ಟ್ ತೋರಿಸುವುದು ಮೈಯಲ್ಲಿ ಒಟ್ಟು ಎಷ್ಟಿದೆ ಎಂಬುದನ್ನಲ್ಲ, 100 ಮಿಲಿಲೀಟರಿನಲ್ಲಿ ಎಷ್ಟಿದೆ ಎಂಬುದನ್ನು. ಇದು ಒಂದು ಸಂಗತಿ ಮನದಟ್ಟಾದರೆ ಎಷ್ಟೋ ಮನೆಗಳ ಎಷ್ಟೋ ರಾತ್ರಿಗಳ ಆತಂಕ ಕಳೆಯುತ್ತದೆ ಎಂದು ನನಗನ್ನಿಸುತ್ತದೆ.

ಈ ಲೆಕ್ಕದಲ್ಲಿ ಹೆಮಟೋಕ್ರಿಟ್ 37.5ರಿಂದ ಸುಮಾರು 33ಕ್ಕೆ ಬಂತು, ರಕ್ತ ತೆಳುವಾಯಿತು. ಅವಳಿ ಮಕ್ಕಳಿದ್ದರೆ ಪ್ಲಾಸ್ಮಾ ಇನ್ನೂ ಹೆಚ್ಚುತ್ತದೆ. ದಿನ ತುಂಬುವ ಹೊತ್ತಿಗೆ ಪ್ಲಾಸ್ಮಾದ ಏರಿಕೆ ನಿಂತು ಕೆಂಪು ಕಣಗಳ ಏರಿಕೆ ಮುಂದುವರಿಯುವುದರಿಂದ ಹಿಮೋಗ್ಲೋಬಿನ್ ಕೊನೆಗೆ ತುಸು ಮೇಲೇಳುವುದೂ ಉಂಟು.

ನೀರು ಎಲ್ಲಿಂದ ಬರುತ್ತದೆ? ಹಾರ್ಮೋನುಗಳ ಪ್ರಭಾವದಿಂದ ತಾಯಿಯ ರಕ್ತನಾಳಗಳು ಮೊದಲು ಸಡಿಲವಾಗಿ ಹಿಗ್ಗುತ್ತವೆ. ಪಾತ್ರೆ ದೊಡ್ಡದಾಯಿತು, ಒಳಗಿನದು ಸಾಲದಾಯಿತು. ಇದನ್ನು ಗ್ರಹಿಸುವ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳಲು ಶುರುಮಾಡುತ್ತವೆ. ಕೊನೆಯ ತಿಂಗಳುಗಳಲ್ಲಿ ಸಂಜೆಗೆ ಕಾಲು ತುಸು ಊದಿಕೊಳ್ಳಲು ಇದೂ ಒಂದು ಕಾರಣ.

ಒಂದು ಸುತ್ತಿಗೆ ಹೊರೆ ಕಡಿಮೆ, ಸುತ್ತು ಹೆಚ್ಚು

ರಕ್ತ ತೆಳುವಾದರೆ ಪ್ರತಿ ತೊಟ್ಟಿನಲ್ಲಿರುವ ಆಮ್ಲಜನಕವೂ ಕಡಿಮೆಯಾಗಬೇಕಲ್ಲ, ಮಗುವಿಗೆ ಇದರಿಂದ ನಷ್ಟವಲ್ಲವೇ? ನ್ಯಾಯವಾದ ಪ್ರಶ್ನೆ.

ಒಂದು ಲಾರಿ ಎಷ್ಟು ಮೂಟೆ ಹೊತ್ತಿದೆ ಎಂಬುದರಿಂದ ಮಾತ್ರ ದಿನಕ್ಕೆ ಎಷ್ಟು ಸರಕು ತಲುಪಿತು ಎಂದು ಹೇಳಲಾಗದು. ಎಷ್ಟು ಸಲ ಹೋಗಿ ಬಂತು ಎಂಬುದೂ ಬೇಕು. ವಿಪರೀತ ಹೇರಿದ ಲಾರಿ ಏರು ದಾರಿಯಲ್ಲಿ ತೆವಳುತ್ತದೆ. ತುಸು ಹಗುರಾದದ್ದು ಅಷ್ಟೇ ಹೊತ್ತಿನಲ್ಲಿ ಹೆಚ್ಚು ಸಲ ಓಡಾಡುತ್ತದೆ. ದೇಹದ ಅಂಗಗಳಿಗೆ ತಲುಪುವ ಆಮ್ಲಜನಕವೂ ಹಾಗೆಯೇ: ರಕ್ತ ಹೊತ್ತ ಹೊರೆ ಮತ್ತು ನಿಮಿಷಕ್ಕೆ ಹರಿದ ರಕ್ತ, ಇವೆರಡರ ಗುಣಲಬ್ಧ.

ಮೇಲಿನ ಅಂಕಿಗಳನ್ನೇ ಮುಂದುವರಿಸೋಣ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿದಾಗ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಬಸಿರಿಗೆ ಮೊದಲು ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ತಳ್ಳುತ್ತಿತ್ತು ಎಂದಿಟ್ಟುಕೊಂಡರೆ ನಿಮಿಷಕ್ಕೆ ಸುಮಾರು 840 ಮಿಲಿಲೀಟರ್ ಆಮ್ಲಜನಕ ಮೈಗೆ ಹೋಗುತ್ತಿತ್ತು. ಬಸಿರಿನಲ್ಲಿ ಹೃದಯ ತಳ್ಳುವ ರಕ್ತ ಶೇಕಡಾ 30ರಿಂದ 50ರಷ್ಟು ಹೆಚ್ಚುತ್ತದೆ. 7 ಲೀಟರ್ ಎಂದು ಹಿಡಿಯಿರಿ. ಹಿಮೋಗ್ಲೋಬಿನ್ 11.1 ಇದ್ದರೂ ನಿಮಿಷಕ್ಕೆ ಸುಮಾರು 1040 ಮಿಲಿಲೀಟರ್ ಸಾಗುತ್ತದೆ. ಹೊರೆ ಇಳಿದರೂ ತಲುಪುವುದು ಹೆಚ್ಚಾಯಿತು.

ಹೃದಯ ಇಷ್ಟು ಹೆಚ್ಚು ರಕ್ತ ತಳ್ಳಬೇಕಾದರೆ ರಕ್ತ ತೆಳುವಿದ್ದು ನಾಳಗಳು ಸಡಿಲವಾಗಿದ್ದರಷ್ಟೇ ಹಗುರ. ಮಂದ ರಕ್ತವನ್ನು ಬಿಗಿದ ನಾಳಗಳಲ್ಲಿ ಇದೇ ವೇಗದಲ್ಲಿ ತಳ್ಳಬೇಕಾದರೆ ಬಿಪಿ ಏರಲೇಬೇಕು.

ಮಾಸಿನೊಳಗೊಂದು ಇಣುಕು ನೋಟ

ಮಗು ಉಸಿರಾಡುವುದು ಮಾಸಿನ (ಪ್ಲಾಸೆಂಟಾ) ಮೂಲಕ. ತಾಯಿಯ ರಕ್ತವೇ ಮಗುವಿನ ಮೈಯಲ್ಲಿ ಹರಿಯುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಹಾಗಲ್ಲ. ಎರಡೂ ರಕ್ತ ಪಕ್ಕಪಕ್ಕದಲ್ಲಿ ಹರಿಯುತ್ತವೆ, ಬೆರೆಯುವುದಿಲ್ಲ.

ದಿನ ತುಂಬಿದ ಮಾಸು ಸುಮಾರು ಅರ್ಧ ಕೆಜಿ ತೂಗುತ್ತದೆ, ಒಂದು ಊಟದ ತಟ್ಟೆಯಷ್ಟು ಅಗಲ. ಅದರ ಒಳಗೆ ಮರದ ಬೇರುಗಳಂತೆ ಕವಲೊಡೆದ, ತುದಿಯಲ್ಲಿ ಕೂದಲಿನಷ್ಟು ಸಣ್ಣದಾದ ಎಳೆಗಳು ತೂಗುತ್ತಿರುತ್ತವೆ. ಈ ಎಳೆಗಳೊಳಗೆ ಹರಿಯುವುದು ಮಗುವಿನ ರಕ್ತ. ಎಳೆಗಳ ಸುತ್ತಲಿನ ಬಿಡುವಿನಲ್ಲಿ ತಾಯಿಯ ರಕ್ತ ತುಂಬಿಕೊಂಡು, ಅವನ್ನು ತೊಯ್ಯಿಸುತ್ತ ಸಾಗುತ್ತದೆ. ಎಳೆಗಳ ಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಹತ್ತು ಚದರ ಮೀಟರಿಗೂ ಮೀರುತ್ತದೆ, ಒಂದು ಸಣ್ಣ ಕೋಣೆಯ ನೆಲದಷ್ಟು. ಎರಡು ರಕ್ತಗಳ ನಡುವಿನ ಗೋಡೆ ಕೊನೆಯ ತಿಂಗಳುಗಳಲ್ಲಿ ಒಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ತೆಳ್ಳಗಿರುತ್ತದೆ. ಆಮ್ಲಜನಕ ದಾಟುವುದು ಅಲ್ಲಿ.

ತಾಯಿಯ ರಕ್ತವನ್ನು ಅಲ್ಲಿಗೆ ತಂದು ಸುರಿಯುವುದು ಗರ್ಭಕೋಶದ ಗೋಡೆಯಲ್ಲಿರುವ ಸುರುಳಿ ಅಪಧಮನಿಗಳು. ಬಸಿರಿಗೆ ಮೊದಲು ಇವು ಸಣ್ಣ, ಬಿಗಿಯಾದ, ಸ್ನಾಯುವಿನ ಗೋಡೆಯ ನಾಳಗಳು. ಬಸಿರಿನ ಮೊದಲರ್ಧದಲ್ಲಿ ಮಾಸಿನ ಜೀವಕೋಶಗಳು ಈ ನಾಳಗಳೊಳಗೆ ನುಸುಳಿ ಸ್ನಾಯುವಿನ ಪದರವನ್ನೇ ಕರಗಿಸಿಬಿಡುತ್ತವೆ. ನಾಳದ ಬಾಯಿ ಹಲವು ಪಟ್ಟು ಅಗಲವಾಗಿ ತುತ್ತೂರಿಯ ಬಾಯಂತೆ ತೆರೆದುಕೊಳ್ಳುತ್ತದೆ. ಇನ್ನು ಅದು ಬಿಗಿಯಲಾರದು. ತಾಯಿ ಹೆದರಲಿ, ಓಡಲಿ, ಚಳಿಗೆ ನಡುಗಲಿ, ಆ ಬಾಯಿ ತೆರೆದೇ ಇರುತ್ತದೆ. ಮಗುವಿನ ಕಡೆಯ ಜೀವಕೋಶಗಳು ತಾಯಿಯ ನಾಳಗಳನ್ನು ಹೀಗೆ ತಮಗೆ ಬೇಕಾದಂತೆ ತಿದ್ದಿಕೊಳ್ಳುವುದು ಇಡೀ ಬಸಿರಿನ ಅತ್ಯಂತ ಬೆರಗಿನ ಸಂಗತಿ ಎಂದು ನಾನು ನಂಬಿದ್ದೇನೆ.

ಬಾಯಿ ಅಗಲವಾಗುವುದರಿಂದ ಎರಡು ಲಾಭ. ಹೆಚ್ಚು ರಕ್ತ ಬರುತ್ತದೆ ಎಂಬುದು ಒಂದು. ಬಸಿರಿಲ್ಲದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹೋಗುತ್ತದೆ, ದಿನ ತುಂಬಿದಾಗ 500ರಿಂದ 750. ಇನ್ನೊಂದು ಲಾಭ ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮಿ ಗಿಡದ ಬುಡದ ಮಣ್ಣನ್ನೇ ಕೊರೆಯುತ್ತದೆ, ಬೆರಳು ತೆಗೆದರೆ ಮೆಲ್ಲನೆ ಹರಿದು ಬೇರಿಗೆ ಇಳಿಯುತ್ತದೆ. ಅಗಲ ಬಾಯಿಂದ ಬರುವ ರಕ್ತ ಎಳೆಗಳಿಗೆ ಪೆಟ್ಟು ಕೊಡದೆ ಮೆಲ್ಲಗೆ ತುಂಬಿಕೊಳ್ಳುತ್ತದೆ, ಆಮ್ಲಜನಕ ಬಿಟ್ಟುಕೊಡಲು ಪುರುಸೊತ್ತು ಸಿಗುತ್ತದೆ.

ಆದರೆ ಮೆಲ್ಲಗೆ ಹರಿಯುವ ಕಡೆ ಕೆಂಪು ಕಣಗಳು ನಾಣ್ಯದ ಕಂತೆಗಳಾಗುತ್ತವೆ ಎಂದು ನೋಡಿದೆವು. ಅಂಟಿಸುವ ಫೈಬ್ರಿನೋಜನ್ ಬೇರೆ ಬಸಿರಿನಲ್ಲಿ ಏರಿರುತ್ತದೆ: ಸಾಮಾನ್ಯವಾಗಿ ಲೀಟರಿಗೆ 2-4 ಗ್ರಾಂ ಇರುವುದು ಕೊನೆಯ ತಿಂಗಳುಗಳಲ್ಲಿ 4-6 ಗ್ರಾಂ ಆಗುತ್ತದೆ. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಲು ಇದು ಬೇಕೇ ಬೇಕು, ಕಡಿಮೆ ಮಾಡುವಂತಿಲ್ಲ. ಅಂಟು ಹೆಚ್ಚಾಗಿ, ಹರಿವು ನಿಧಾನವಾಗಿ, ಕಣಗಳೂ ದಟ್ಟವಾಗಿದ್ದರೆ ಮಾಸಿನೊಳಗಿನ ಹರಿವು ಸೊರಗುತ್ತದೆ. ಕಣಗಳ ದಟ್ಟಣೆಯನ್ನು ಇಳಿಸುವುದೊಂದೇ ಇದಕ್ಕೆ ದಾರಿ. ಪ್ಲಾಸ್ಮಾ ಹೆಚ್ಚಿ ರಕ್ತ ತೆಳುವಾಗುವುದು ಮಗುವಿಗೆ ನೇರವಾಗಿ ಉಪಕಾರವಾಗುವುದು ಇಲ್ಲಿಯೇ.

ಮಗುವಿನ ಕಡೆಯ ತಯಾರಿ

ತಾಯಿಯ ಅಪಧಮನಿಯಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಅಂಕಿ. ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುವುದು. ಮಾಸು ದಾಟಿ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗುವ ರಕ್ತದಲ್ಲಿ ಅದು ಸುಮಾರು 30. ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜೋಸೆಫ್ ಬಾರ್‌ಕ್ರಾಫ್ಟ್ ಇದನ್ನು ಗರ್ಭದೊಳಗಿನ ಎವರೆಸ್ಟ್ ಎಂದು ಬಣ್ಣಿಸಿದ್ದರು. ಹೋಲಿಕೆ ಎಷ್ಟು ನಿಖರವಾಗಿತ್ತೆಂಬುದು 2007ರಲ್ಲಿ ಗೊತ್ತಾಯಿತು. ಎವರೆಸ್ಟ್ ಏರಿ ಇಳಿಯುತ್ತಿದ್ದ ವೈದ್ಯರ ತಂಡವೊಂದು 8,400 ಮೀಟರ್ ಎತ್ತರದಲ್ಲಿ ತಮ್ಮದೇ ರಕ್ತ ತೆಗೆದು ಅಳೆಯಿತು. ಸರಾಸರಿ ಸುಮಾರು 25 ಇತ್ತು.

ಅಷ್ಟು ಕಡಿಮೆ ಒತ್ತಡದಲ್ಲೂ ಮಗು ಬೆಳೆಯುವುದು ಅದರ ಹಿಮೋಗ್ಲೋಬಿನ್ ಬೇರೆ ಬಗೆಯದಾದ್ದರಿಂದ. ದೊಡ್ಡವರ ಹಿಮೋಗ್ಲೋಬಿನ್ ಅರ್ಧ ತುಂಬಲು 27ರಷ್ಟು ಒತ್ತಡ ಬೇಕು, ಭ್ರೂಣದ್ದಕ್ಕೆ 20 ಸಾಕು. ತಾಯಿಯ ಹಿಮೋಗ್ಲೋಬಿನ್ ಕೈಬಿಟ್ಟದ್ದನ್ನು ಮಗುವಿನದು ಹಿಡಿದುಕೊಳ್ಳುತ್ತದೆ. ಜೊತೆಗೆ ದಿನ ತುಂಬಿದ ಮಗುವಿನ ಹಿಮೋಗ್ಲೋಬಿನ್ 16-17ರಷ್ಟಿರುತ್ತದೆ, ತಾಯಿಗಿಂತ ಎಷ್ಟೋ ಹೆಚ್ಚು. ಬಸಿರಿನಲ್ಲಿ ತಾಯಿಯ ಉಸಿರಾಟ ಆಳವಾಗುವುದೂ ಇದೇ ಕೆಲಸಕ್ಕೆ. ತಾಯಿಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದರೆ ಮಗುವಿನದು ಸುಲಭವಾಗಿ ಇತ್ತ ದಾಟುತ್ತದೆ. ಆರೋಗ್ಯವಂತ ಗರ್ಭಿಣಿಗೂ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಕ್ಕೆ ಇದು ಒಂದು ಕಾರಣ.

ಮೂರು ಕೆಜಿ ತೂಗುವ ಮಗು ನಿಮಿಷಕ್ಕೆ ಬಳಸುವ ಆಮ್ಲಜನಕ ಇಪ್ಪತ್ತು ಮಿಲಿಲೀಟರಿನ ಆಸುಪಾಸು. ಗರ್ಭಕೋಶಕ್ಕೆ ನಿಮಿಷಕ್ಕೆ 600 ಮಿಲಿಲೀಟರ್ ರಕ್ತ ಬಂದರೆ ಅದರಲ್ಲಿ ಸುಮಾರು 90 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಹೆರಿಗೆ ನೋವಿನಲ್ಲಿ ಗರ್ಭಕೋಶ ಬಿಗಿದು ರಕ್ತದ ಹರಿವು ಕ್ಷಣಕಾಲ ಕಡಿಮೆಯಾದರೂ ಆರೋಗ್ಯವಂತ ಮಗು ತಡೆದುಕೊಳ್ಳುವುದು ಈ ಉಳಿಕೆಯ ಬಲದಿಂದ.

ತೆಳುವಾಗಬೇಕಾದ ರಕ್ತ ತೆಳುವಾಗದಿದ್ದರೆ

ಈಗ ಎರಡನೆಯ ರಿಪೋರ್ಟಿಗೆ ಬರೋಣ. ಏಳನೇ ತಿಂಗಳಲ್ಲಿ 13.8 ಎಂಬುದು ತಾನಾಗಿಯೇ ಕಾಯಿಲೆಯಲ್ಲ. ಹಾಗಿದ್ದೂ ಎಲ್ಲ ಚೆನ್ನಾಗಿರುವವರು ಬಹಳ ಮಂದಿ. ಆದರೆ ಇಳಿಯಬೇಕಾದ ಅಂಕಿ ಇಳಿಯದೆ ನಿಂತಿದ್ದರೆ ಪ್ಲಾಸ್ಮಾ ಸರಿಯಾಗಿ ಹೆಚ್ಚಲಿಲ್ಲವೇನೋ ಎಂಬ ಅನುಮಾನ ವೈದ್ಯರಿಗೆ ಬರುತ್ತದೆ.

ಸುರುಳಿ ಅಪಧಮನಿಗಳ ಬಾಯಿ ಸರಿಯಾಗಿ ಅಗಲವಾಗದ ಬಸಿರುಗಳಿವೆ. ಅಂಥ ಕಡೆ ಮಾಸಿಗೆ ರಕ್ತ ಸಾಲದೆ, ಅದು ತಾಯಿಯ ರಕ್ತಕ್ಕೆ ಬಿಡುವ ಕೆಲವು ವಸ್ತುಗಳಿಂದ ತಾಯಿಯ ನಾಳಗಳ ಒಳಪದರ ಕೆಡುತ್ತದೆ, ನಾಳಗಳು ಬಿಗಿಯುತ್ತವೆ, ಪ್ಲಾಸ್ಮಾ ನಾಳದಿಂದ ಹೊರಕ್ಕೆ ಸೋರುತ್ತದೆ. ರಕ್ತ ಮಂದವಾಗುತ್ತದೆ, ಹೆಮಟೋಕ್ರಿಟ್ ಏರುತ್ತದೆ. 20 ವಾರಗಳ ನಂತರ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನು ಹೋಗುವುದೋ ಬೇರೆ ಅಂಗಗಳಿಗೆ ತೊಂದರೆಯಾಗುವುದೋ ಕಂಡರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದುವುದು: ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಬಸಿರುಗಳ ದಾಖಲೆ ತೆಗೆದು, ಪ್ರತಿಯೊಬ್ಬರ ಹಿಮೋಗ್ಲೋಬಿನ್ ಅತ್ಯಂತ ಕೆಳಗಿಳಿದಾಗ ಎಷ್ಟಿತ್ತು, ಮಗುವಿನ ತೂಕ ಎಷ್ಟಾಯಿತು ಎಂದು ತಾಳೆ ನೋಡಿದರು. ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಕ್ಕಳು, ತಿಂಗಳು ತುಂಬುವ ಮೊದಲೇ ಆದ ಹೆರಿಗೆಗಳು ಎಲ್ಲಕ್ಕಿಂತ ಕಡಿಮೆ ಇದ್ದದ್ದು 9.5ರಿಂದ 10.5ರವರೆಗೆ ಇಳಿದವರಲ್ಲಿ. 10.5ಕ್ಕಿಂತ ಕೆಳಗೆ ಇಳಿಯದೇ ಉಳಿದವರಲ್ಲಿ ಇವೆರಡೂ ಹೆಚ್ಚಿದ್ದವು. ಹಿಮೋಗ್ಲೋಬಿನ್ ಇಳಿಸಿಕೊಂಡರೆ ಮಗು ದಪ್ಪಗಾಗುತ್ತದೆ ಎಂದು ಇದರ ಅರ್ಥವಲ್ಲ. ಪ್ಲಾಸ್ಮಾ ಚೆನ್ನಾಗಿ ಹೆಚ್ಚಿದ ಬಸಿರುಗಳಲ್ಲಿ ಮಗುವೂ ಚೆನ್ನಾಗಿ ಬೆಳೆದಿತ್ತು, ಆ ಹೆಚ್ಚಳದ ಗುರುತಾಗಿ ಅಂಕಿ ಇಳಿದಿತ್ತು.

ಬೆಟ್ಟದ ಮೇಲೆ ಬದುಕುವವರನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗುತ್ತದೆ, ಹೆಚ್ಚಿನವರ ದೇಹ ಕೆಂಪು ಕಣ ಹೆಚ್ಚಿಸಿಕೊಂಡು ಹೊಂದಿಕೊಳ್ಳುತ್ತದೆ, ರಕ್ತ ಮಂದವಾಗುತ್ತದೆ. ತಲೆಮಾರುಗಳಿಂದ ಎತ್ತರದಲ್ಲಿ ನೆಲೆಸದ ಜನರಲ್ಲಿ ಪ್ರತಿ ಸಾವಿರ ಮೀಟರಿಗೆ ಮಗುವಿನ ತೂಕ ಸುಮಾರು 100 ಗ್ರಾಂ ಇಳಿಯುತ್ತದೆ. ಸಾವಿರಾರು ವರ್ಷಗಳಿಂದ ಅಲ್ಲೇ ಬಾಳಿದ ಟಿಬೆಟಿನ ಜನರ ಹಿಮೋಗ್ಲೋಬಿನ್ ಮಾತ್ರ ಅಷ್ಟಾಗಿ ಏರುವುದಿಲ್ಲ. ಅವರ ಮಕ್ಕಳ ತೂಕವೂ ಅಷ್ಟು ಇಳಿಯುವುದಿಲ್ಲ. ನೇಪಾಳದಲ್ಲಿ 3,500 ಮೀಟರಿಗಿಂತ ಮೇಲೆ ಬದುಕಿದ ನಾನೂರಕ್ಕೂ ಹೆಚ್ಚು ಟಿಬೆಟನ್ ಮೂಲದ ಹೆಂಗಸರನ್ನು ಮಾನವಶಾಸ್ತ್ರಜ್ಞೆ ಸಿಂಥಿಯಾ ಬೀಲ್ ಮತ್ತು ಸಂಗಡಿಗರು ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದರು. ಹೆಚ್ಚು ಮಕ್ಕಳನ್ನು ಜೀವಂತವಾಗಿ ಹೆತ್ತವರ ಹಿಮೋಗ್ಲೋಬಿನ್ ಅತಿ ಹೆಚ್ಚೂ ಇರಲಿಲ್ಲ, ಅತಿ ಕಡಿಮೆಯೂ ಇರಲಿಲ್ಲ, ನಡುಮಟ್ಟದಲ್ಲಿತ್ತು. ಇದ್ದ ಹಿಮೋಗ್ಲೋಬಿನ್ ಆಮ್ಲಜನಕದಿಂದ ಚೆನ್ನಾಗಿ ತುಂಬಿತ್ತು.

ಬೀಡಿ, ಸಿಗರೇಟು ಸೇದುವವರಲ್ಲೂ ಹಿಮೋಗ್ಲೋಬಿನ್ ಹೆಚ್ಚು ತೋರಿಸುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿ ಒಂದಷ್ಟನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ದೇಹ ಇನ್ನಷ್ಟು ತಯಾರಿಸಿ ಸರಿದೂಗಿಸಲು ನೋಡುತ್ತದೆ. ರಿಪೋರ್ಟಿನಲ್ಲಿ ಅಂಕಿ ಚೆಂದ ಕಾಣುತ್ತದೆ, ಮಗುವಿಗೆ ಸಿಗುವುದು ಕಡಿಮೆ.

ಹಾಗಾದರೆ ರಕ್ತಹೀನತೆ ಸುಳ್ಳೇ?

ಖಂಡಿತ ಅಲ್ಲ. ಇಲ್ಲಿ ತಪ್ಪು ತಿಳಿಯಬಾರದು. ಲಾರಿ ತುಸು ಹಗುರಾಗಿದ್ದರೆ ಬೇಗ ಓಡುತ್ತದೆ, ಖಾಲಿ ಲಾರಿ ಎಷ್ಟು ಓಡಿದರೂ ಸರಕು ತಲುಪುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮೊದಲ ಮತ್ತು ಕೊನೆಯ ಮೂರು ತಿಂಗಳುಗಳಲ್ಲಿ 11ಕ್ಕಿಂತ, ನಡುವಿನ ಮೂರು ತಿಂಗಳುಗಳಲ್ಲಿ 10.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಡುವಿನ ಅವಧಿಗೆ ಗೆರೆಯನ್ನು ಇಳಿಸಿರುವುದೇ ಪ್ಲಾಸ್ಮಾದ ಹೆಚ್ಚಳವನ್ನು ಲೆಕ್ಕಕ್ಕೆ ತೆಗೆದುಕೊಂಡು. 7ಕ್ಕಿಂತ ಕೆಳಗಿಳಿದರೆ ತೀವ್ರ. ಆಗ ಹೃದಯ ಎಷ್ಟು ದುಡಿದರೂ ಕೊರತೆ ತುಂಬದು, ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಯಿಯ ಜೀವಕ್ಕೆ ಅಪಾಯ.

ಸಹಜವಾಗಿ ತೆಳುವಾದದ್ದನ್ನೂ ಕಬ್ಬಿಣದ ಕೊರತೆಯನ್ನೂ ಬೇರ್ಪಡಿಸಿ ನೋಡಲು ಅದೇ ರಿಪೋರ್ಟಿನಲ್ಲಿ ಇನ್ನೊಂದು ಸಾಲು ಇರುತ್ತದೆ: ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ. ನೀರು ಬೆರೆತು ತೆಳುವಾದರೆ ಕಣಗಳ ಸಂಖ್ಯೆ ವಿರಳವಾಗುತ್ತದೆ, ಒಂದೊಂದು ಕಣದ ಗಾತ್ರ ಕುಗ್ಗುವುದಿಲ್ಲ. ಕಬ್ಬಿಣ ಸಾಲದಿದ್ದರೆ ಕಣಗಳೇ ಸಣ್ಣದಾಗಿ, ಪೇಲವವಾಗಿ ಹುಟ್ಟುತ್ತವೆ, ಎಂಸಿವಿ 80ಕ್ಕಿಂತ ಕೆಳಗಿಳಿಯುತ್ತದೆ. ಕೊರತೆಯ ಶುರುವಿನಲ್ಲಿ ಇದು ಸರಿಯಾಗಿಯೇ ಇರಬಹುದು, ಆದ್ದರಿಂದ ಅನುಮಾನವಿದ್ದರೆ ಫೆರಿಟಿನ್ ಪರೀಕ್ಷೆ ಮಾಡಿಸುತ್ತಾರೆ. ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ.

ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ ಅರ್ಧದಷ್ಟು ಹೋಗುವುದು ತಾಯಿಯ ಹೊಸ ಕೆಂಪು ಕಣಗಳಿಗೆ. ನಮ್ಮ ಲೆಕ್ಕದ ಆ ನೂರು ಗ್ರಾಂ ಹೆಚ್ಚುವರಿ ಹಿಮೋಗ್ಲೋಬಿನ್ ತಯಾರಾಗಬೇಕಾದರೆ ಕಬ್ಬಿಣ ಇರಲೇಬೇಕು. ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣ, 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿ. "ಬಸಿರಿನಲ್ಲಿ ರಕ್ತ ತೆಳುವಾಗುವುದು ಸಹಜವಂತೆ" ಎಂದು ಮಾತ್ರೆ ನಿಲ್ಲಿಸಬೇಡಿ.

ನೀರು, ಮಾತ್ರೆ, ಮಲಗುವ ಬಗೆ

ನೀರು ಹೆಚ್ಚು ಕುಡಿದರೆ ರಕ್ತ ಇನ್ನೂ ತೆಳುವಾಗುತ್ತದೆಯೇ? ಇಲ್ಲ. ಬೇಡದ ನೀರನ್ನು ಮೂತ್ರಪಿಂಡ ಹೊರಹಾಕುತ್ತದೆ. ಆದರೆ ವಿಪರೀತ ವಾಂತಿ, ಭೇದಿ, ಜ್ವರದಲ್ಲಿ ನೀರು ಕಳೆದುಕೊಂಡರೆ ರಕ್ತ ನಿಜಕ್ಕೂ ಮಂದವಾಗುತ್ತದೆ, ಅಲ್ಲಿ ನೀರೂ ಲವಣವೂ ಚಿಕಿತ್ಸೆಯೇ. ಕಾಲು ಊದಿದೆಯೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ತಾವಾಗಿಯೇ ನುಂಗುವುದು ತಪ್ಪು. ದೇಹ ಕಷ್ಟಪಟ್ಟು ಕೂಡಿಸಿದ ಪ್ಲಾಸ್ಮಾವನ್ನೇ ಅದು ಕಡಿಮೆ ಮಾಡುತ್ತದೆ.

ಪ್ರಿಎಕ್ಲಾಂಪ್ಸಿಯಾದ ಸಂಭವ ಹೆಚ್ಚಿರುವವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ, ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಹೆಪಾರಿನ್ ಚುಚ್ಚುಮದ್ದು. ಹೆಪಾರಿನ್ ಮಾಸನ್ನು ದಾಟಿ ಮಗುವಿಗೆ ಹೋಗುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ಔಷಧ ವಾರ್ಫರಿನ್ ಹೋಗುತ್ತದೆ. ಹೆಸರು ಒಂದೇ ಗುಂಪಿನದಾದರೂ ಇವು ಒಂದರ ಬದಲಿಗೆ ಇನ್ನೊಂದು ಬಳಸುವಂಥವಲ್ಲ. ವೈದ್ಯರನ್ನು ಕೇಳದೆ ಶುರುಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ.

28 ವಾರಗಳ ನಂತರ ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನೆಲುಬಿನ ಬಳಿಯ ದೊಡ್ಡ ಅಭಿಧಮನಿಯನ್ನು ಒತ್ತಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಪಕ್ಕಕ್ಕೆ ತಿರುಗಿ ಮಲಗಿ. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದೀರೆಂದು ಗಾಬರಿಯಾಗಬೇಕಿಲ್ಲ, ಹೊರಳಿದರಾಯಿತು.

ಹೆರಿಗೆಯ ದಿನ ಮತ್ತು ಮುಂದಿನ ಆರು ವಾರ

ಸಹಜ ಹೆರಿಗೆಯಲ್ಲಿ ಅರ್ಧ ಲೀಟರಿನಷ್ಟು, ಸಿಸೇರಿಯನ್‌ನಲ್ಲಿ ಒಂದು ಲೀಟರಿನವರೆಗೂ ರಕ್ತ ಹೋಗುವುದುಂಟು. ಕೂಡಿಟ್ಟ ಹೆಚ್ಚುವರಿ ರಕ್ತ ಇಲ್ಲಿ ಕೈಹಿಡಿಯುತ್ತದೆ, ತೆಳುವಾಗಿದ್ದುದರಿಂದ ಹೋದ ಪ್ರತಿ ತೊಟ್ಟಿನಲ್ಲೂ ಕೆಂಪು ಕಣ ಕಡಿಮೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿದು ಆ ತೆರೆದ ನಾಳಗಳ ಬಾಯನ್ನು ಹಿಸುಕಿ ಮುಚ್ಚುತ್ತದೆ, ಏರಿದ್ದ ಫೈಬ್ರಿನೋಜನ್ ಅಲ್ಲಿ ಹೆಪ್ಪುಗಟ್ಟಿ ಬೀಗ ಹಾಕುತ್ತದೆ.

ನಂತರದ ದಿನಗಳಲ್ಲಿ ಬಾಣಂತಿಗೆ ಮೂತ್ರ ಹೆಚ್ಚು ಹೋಗುತ್ತದೆ, ಬೆವರು ಸುರಿಯುತ್ತದೆ. ಹಿಡಿದಿಟ್ಟ ನೀರು ಹೊರಡುತ್ತಿರುವ ಲಕ್ಷಣ ಅದು. ಆರು ವಾರಗಳ ಹೊತ್ತಿಗೆ ಪ್ಲಾಸ್ಮಾ ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಬರುತ್ತದೆ. ತೆಳುತನ ಬೇಗ ಹೋಗುತ್ತದೆ, ಹೆಪ್ಪುಗಟ್ಟುವ ಗುಣ ಕೆಲವು ವಾರ ಉಳಿಯುತ್ತದೆ. ಆದ್ದರಿಂದ ಆ ಆರು ವಾರಗಳಲ್ಲಿ ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು ಕಂಡರೆ ಬಾಣಂತನದ ಸುಸ್ತು ಎಂದು ತಳ್ಳಿಹಾಕದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಗುವಿನ ಪಾಲಿನ ರಕ್ತವೂ ಒಂದಷ್ಟು ಮಾಸಿನಲ್ಲೇ ಉಳಿದಿರುತ್ತದೆ. ಹುಟ್ಟಿದೊಡನೆ ಹೊಕ್ಕುಳಬಳ್ಳಿ ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳಲ್ಲಿ ಬಳ್ಳಿಯನ್ನು ಬೆರಳಲ್ಲಿ ಹಿಡಿದರೆ ಇನ್ನೂ ಮಿಡಿಯುತ್ತಿರುತ್ತದೆ. ಆ ರಕ್ತ ಮಗುವಿಗೆ ಇಳಿಯುತ್ತದೆ, ಅದರ ಕಬ್ಬಿಣ ಮುಂದಿನ ತಿಂಗಳುಗಳಿಗೆ ಬುತ್ತಿಯಾಗುತ್ತದೆ. ಅಷ್ಟರಲ್ಲಿ ಮಗು ಅತ್ತಿರುತ್ತದೆ, ಗಾಳಿ ಒಳಗೆ ಹೋಗಿರುತ್ತದೆ, ಮಿಡಿತ ನಿಲ್ಲುತ್ತದೆ.